ಬಾಗಿದ ಹ್ಯಾಂಡಲ್

“ಅಯ್ಯೋ, ಇದು ಬೇಡ ಮಾರಾಯ್ತಿ. ಮುಂದೆ ದಂಡದ ಮೇಲೆ ಕೂತವರ ಹೊಟ್ಟೆಗೆ ತಾಗ್ತದೆ,” ಎಂದುಬಿಟ್ಟ ವಿಶ್ವೇಶ.

ಕಂಕನಾಡಿಯ ಆ ಸೈಕಲ್ ಅಂಗಡಿಯಲ್ಲಿ ಅವನ ಹೆಂಡತಿ ಭಾರ್ಗವಿಯ ಕೈ ಹ್ಯಾಂಡಲಿನ ಮೇಲೆಯೇ ನಿಂತಿತು. ಸವಾರನ ಕಡೆಗೆ ಚೆನ್ನಾಗಿ ಬಾಗಿದ ಹ್ಯಾಂಡಲ್ ಅದು. ಬೆನ್ನು ನೆಟ್ಟಗಿಟ್ಟುಕೊಂಡು ತುಳಿಯಬಹುದು, ಗಂಡನ ಕುತ್ತಿಗೆ ನೋವಿಗೆ ಇದೇ ಸರಿ ಎಂದು ಅವಳೇ ಆರಿಸಿದ್ದಳು. ಹ್ಯಾಂಡಲ್ ಬದಲಿಸಲು ತಂದಿದ್ದ, ಅವನ ಕಾಲೇಜು ದಿನಗಳ ಈ ಹಳೆಯ ಸೈಕಲ್ಲಿನಲ್ಲಿ ಮದುವೆಯಾದಂದಿನಿಂದ ಅವಳ ಜಾಗ ಹಿಂದಿನ ಕ್ಯಾರಿಯರ್. ಒಮ್ಮೆ ಆಸೆಯಿಂದ, ಮುಂದೆ ಕೂರಲೇ ಎಂದು ಕೇಳಿದ್ದಕ್ಕೆ, “ಅದರಲ್ಲಿ ಯಾರಾದ್ರೂ ಕೂರ್ತಾರಾ? ಬ್ಯಾಲೆನ್ಸ್ ಸಿಗುದಿಲ್ಲ,” ಎಂದು ನಕ್ಕಿದ್ದ.

“ಯಾರ ಹೊಟ್ಟೆಗೆ?”

“ಎಂತ?”

“ತಾಗುದು ಯಾರ ಹೊಟ್ಟೆಗೆ ಅಂತ ಕೇಳಿದೆ.”

ವಿಶ್ವೇಶ ಸೈಕಲ್ಲಿನ ಬೆಲ್ ಎರಡು ಸಲ ಒತ್ತಿದ. “ಸುರತ್ಕಲ್‌ನಲ್ಲಿ ಓದುವಾಗ ಒಬ್ಬಳು... ಅದೆಲ್ಲ ಹಳೇ ಕಥೆ, ಬಿಡು. ಈ ನೇರ ಇರುವುದನ್ನೇ ಹಾಕಿಸುವಾ. ನೋಡ್ಲಿಕ್ಕೂ ಚಂದ ಉಂಟು.”

ಭಾರ್ಗವಿಗೆ ಆ ಹುಡುಗಿಯ ಮುಖ ಕಾಣಲಿಲ್ಲ. ಗಾಳಿಗೆ ಹಾರಿ ಅವನ ಗಲ್ಲಕ್ಕೆ ತಾಗುತ್ತಿದ್ದ ಅವಳ ಕೂದಲು ಮಾತ್ರ ಕಂಡಿತು. ಕ್ಯಾರಿಯರಿನಲ್ಲಿ ಕೂತವಳಿಗೆ ಇಷ್ಟು ದಿನ ಸಿಕ್ಕಿದ್ದು ಅವನ ಬೆವರಿದ ಅಂಗಿಯ ಬೆನ್ನು ಮಾತ್ರ. ಅವನು ಎತ್ತಿ ಹಿಡಿದಿದ್ದ ನೇರ ಹ್ಯಾಂಡಲನ್ನು ಕಸಿದು ಮೇಜಿನ ಮೇಲಿಟ್ಟಳು.

“ಅಣ್ಣಾ,” ಎಂದಳು ಅಂಗಡಿಯವರತ್ತ ತಿರುಗಿ, “ಆ ಬಾಗಿದ್ದರಲ್ಲಿ, ಇನ್ನೂ ಸ್ವಲ್ಪ ಹೆಚ್ಚು ಬಾಗಿದ್ದು ಉಂಟಾ?”