ನಿಜವಾದ ಅನಿಲ

ಎದುರುಮನೆಯ ಅನಿಲ ಬೀದಿಯಲ್ಲಿ ಬೈಕು ತೊಳೆಯುತ್ತಿದ್ದ. ತಲೆಯೆತ್ತುವಷ್ಟರಲ್ಲಿ ಹಾಕಿ ಸ್ಟಿಕ್ಕಿನ ಏಟು ಮೊಣಕಾಲಿಗೆ ಬಿತ್ತು.

"ನನ್ನ ತಂಗಿ ತಂಟೆಗೆ ಬರ್ತೀಯೇನೋ?"

"ಅಯ್ಯೋ, ಅವಳನ್ನ ಒಂದಿನಾನೂ ಮಾತಾಡ್ಸಿಲ್ಲ ಕಣಣ್ಣಾ!"

"ಸುಳ್ಳು ಬೊಗಳ್ಬೇಡ! ಬೆಳಗಿಂದ ಬಾಗಿಲು ಹಾಕ್ಕೊಂಡು ನಿನ್ನ ಜಪಾನೇ ಮಾಡ್ತಿದ್ದಾಳೆ. ಒತ್ತಡ ಹೆಚ್ಚಾದಾಗ್ಲೇ ನಿಜವಾದ ಅನಿಲನ ಆಕರ್ಷಣೆ ಗೊತ್ತಾಗೋದಂತೆ! ಮದುವೆಗೆ ಒಪ್ಕೋ ಅಂತ ನಾವು ಒತ್ತಡ ಹಾಕಿದ್ರೆ, ಅವಳಿಗೆ ನಿನ್ನ ಆಕರ್ಷಣೆ ಗೊತ್ತಾಗುತ್ತೇನೋ?"

ಆಮೇಲೆ ಏಟು ಎಲ್ಲಿಗೆ ಬೀಳುತ್ತಿದೆ ಎಂದು ಅವಳ ಅಣ್ಣ ನೋಡಲಿಲ್ಲ. ಬಕೆಟ್ಟು ಮಗುಚಿಕೊಂಡು ಸೋಪಿನ ನೀರು ಕೆಂಪಗೆ ಹರಿಯಿತು. ಅನಿಲನ ಕೂಗು ನಿಂತ ಮೇಲೂ ಸ್ಟಿಕ್ಕು ನಿಲ್ಲಲಿಲ್ಲ.

ಮನೆಗೆ ಬಂದವನೇ ತಂಗಿಯ ಕೋಣೆಯ ಬಾಗಿಲು ಒದ್ದ.

"ನಿನ್ನ ಅನಿಲನ ಕತೆ ಮುಗೀತು. ಇನ್ಮೇಲೆ ಯಾರ ಆಕರ್ಷಣೆ ಅಂತೀಯೋ ಅನ್ನು, ನೋಡೇಬಿಡ್ತೀನಿ."

ಅವಳು ಅವನ ಅಂಗಿಯ ಮೇಲಿನ ರಕ್ತ ನೋಡಿದಳು. ಎದುರುಮನೆಯ ಬಾಗಿಲಲ್ಲಿ ಅನಿಲನ ತಾಯಿ ಚೀರುವುದು ಕೇಳಿಸಿತು.

"ನಾಳೆ ನಂಗೆ ಕೆಮಿಸ್ಟ್ರಿ ಪರೀಕ್ಷೆ," ಎಂದಳು. "ಕನ್ನಡದಲ್ಲೇ ಬರೀಬೇಕು ಅಂತ ಉರು ಹೊಡೀತಿದ್ದೆ. ಆದರ್ಶ ಅನಿಲದ ಅಣುಗಳಿಗೆ ಆಕರ್ಷಣೆ ಇರಲ್ಲ, ನಿಜವಾದದ್ದಕ್ಕೆ ಇರುತ್ತೆ. ಅನಿಲ ಅಂದ್ರೆ ಗ್ಯಾಸು."

ಸ್ಟಿಕ್ಕು ಅವನ ಕೈಯಿಂದ ಜಾರಿತು.

"ನಾನು ಹೇಳಿದ್ದು ಅನಿಲನ ಅಂತಲ್ಲ ಅಣ್ಣಾ, ಅನಿಲದ ಅಂತ."