ಒಂದೇ ಸಲದ ವಾಸನೆ

ಒದ್ದೆಯಾದ ಕಲ್ಲು ತಾನು ಹುಟ್ಟಿದ ಊರಿನ ವಾಸನೆ ಬಿಡುವುದು ಒಂದೇ ಸಲ. ಅದಕ್ಕೇ ದುಂಡವ್ವ ಕೆಲಸದ ದಿನ ಉಳ್ಳಾಗಡ್ಡಿ ಮುಟ್ಟುತ್ತಿರಲಿಲ್ಲ. ರೋಮಿನ ಪುರಾತನ ಸ್ನಾನಗೃಹದ ಗುಮ್ಮಟದಿಂದ ಬಿಡಿಸಿದ, ಚುರಮುರಿಯಷ್ಟು ಹಗುರಾದ ಜ್ವಾಲಾಮುಖಿ ಕಲ್ಲುಗಳಿಗೆ ನೀರು ಚಿಮುಕಿಸಿ, ಮೂಸಿ, ಅವು ಯಾವ ಬೆಟ್ಟದವೆಂದು ಹೇಳುವುದು ಇಪ್ಪತ್ತು ವರ್ಷದಿಂದ ಅವಳ ಕೆಲಸ.

ತಿಂಗಳುಗಳಿಂದ ಮಂಕಾಗುತ್ತ ಬಂದಿದ್ದ ಮೂಗು ಇವತ್ತು ಪೂರ್ತಿ ಸತ್ತಿತ್ತು. ಅವಳು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದ, ಕರಾವಳಿಯ ಶಿರ್ವದ ಸೆವ್ರಿನಾ ಕಲ್ಲು ಆರುವ ಮೊದಲೇ ತಾನೇ ಮೂಸಿ, "ಗಂಧಕ, ಉಪ್ಪುಗಾಳಿ. ವೆಸೂವಿಯಸ್ಸಿನದ್ದೇ ಅಕ್ಕ. ನಿಮಗೆ ಬರಲಿಲ್ವಾ?" ಎಂದಳು.

ದುಂಡವ್ವ ಮೇಣಬಟ್ಟೆಯ ಗಂಟೊಂದನ್ನು ಬಿಚ್ಚಿದಳು. ಒಳಗಿದ್ದದ್ದು ಅಣೆಕಟ್ಟಿನ ನೀರಲ್ಲಿ ಮುಳುಗಿದ ಅವಳ ಊರಿನ ಕರಿಕಲ್ಲಿನ ಚೂರು. ಮುಪ್ಪಿನಲ್ಲಿ ಮೂಸಲೆಂದು ಒಂದು ಹನಿಯೂ ತಾಗದಂತೆ ಕಾಪಾಡಿಕೊಂಡು ಬಂದದ್ದು.

"ನೀರ ಹಾಕು. ನೀನ ಮೂಸಿ ಹೇಳು."

"ನಿಮ್ಮ ಕಡೆಯ ವಾಸನೆ ನನಗೆ ಎಂತ ಗೊತ್ತುಂಟು ಅಕ್ಕ?"

"ಗೊತ್ತಿರೂದು ಬ್ಯಾಡ. ಬಂದದ್ದ ಹೇಳು."

ಸೆವ್ರಿನಾ ಮೂಸಿದಳು. "ಬಿಸಿಲಿಗೆ ಕಾದ ಮಣ್ಣು. ಮತ್ತೆ ಎಂತದೋ ಹಿಟ್ಟು, ಹೆಂಚಿನ ಮೇಲೆ ಬೆಂದ ಹಾಗೆ. ಅಕ್ಕಿಯದ್ದಲ್ಲ. ಸ್ವಲ್ಪ ಕರಟಿದೆ."

ದುಂಡವ್ವ ಕಣ್ಣು ಮುಚ್ಚಿದಳು.

"ಮೊದಲನೇ ರೊಟ್ಟಿ," ಎಂದಳು. "ಮಾತಿನ ಭರದಾಗ ಅವ್ವ ದಿನಾ ಹೊತ್ತಸತಿದ್ಲು. ಬರಕೋ, ಊರು ಸಿಕ್ತು."