ಹನ್ನೆರಡು ಮಂದಿ ಬಿದ್ದಿದ್ದರು

ದೀಕ್ಷಿತಾ ಟೋಕನ್ ತೆಗೆದುಕೊಳ್ಳಲಿಲ್ಲ. ಕಾಪುವಿನ ಆ ಕ್ಲಿನಿಕ್ಕಿನಲ್ಲಿ ಕಾದು ಕುಳಿತವರನ್ನೆಲ್ಲ ದಾಟಿ ಒಳನುಗ್ಗಿ, ಡಾಕ್ಟರ್ ಅನಂತಪದ್ಮನಾಭರ ಮೇಜಿನ ಮೇಲೆ ಅರ್ಧ ಖಾಲಿಯಾದ ಮಾತ್ರೆಯ ಸ್ಟ್ರಿಪ್ ಎಸೆದಳು.

"ಅಪ್ಪನಿಗೆ ಇದನ್ನು ಬರೆದುಕೊಟ್ಟದ್ದು ನೀವೇ ಅಲ್ವಾ?"

ಭುಜಂಗರ ಮಗಳೆಂದು ಡಾಕ್ಟರಿಗೆ ಗುರುತು ಹತ್ತಿತು. ಭುಜಂಗರು ಮೊಣಕಾಲು ನೋವೆಂದು ಬಂದಿದ್ದರು. ಮಾತ್ರೆ ಶುರುವಾದ ಮೂರನೆಯ ವಾರ ತಲೆ ತಿರುಗಿ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡರು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ತೀರಿಹೋದರು. ಮಣಿಪಾಲದಲ್ಲಿ ಸಂಶೋಧನೆಯ ಕೆಲಸಕ್ಕಿದ್ದ ಮಗಳಿಗೆ ಅಪ್ಪ ನುಂಗುತ್ತಿದ್ದ ಮಾತ್ರೆ ಯಾವುದೆಂದು ತಿಳಿದದ್ದು ಉತ್ತರಕ್ರಿಯೆಯ ಮರುದಿನ, ಅವರ ಕಪಾಟು ತೆರೆದಾಗ.

ಡಾಕ್ಟರು ರೇಗಲಿಲ್ಲ. ಔಷಧ ಕಂಪೆನಿಯವರು ಕೊಟ್ಟುಹೋದ, ಸಂಶೋಧನಾ ಲೇಖನವೊಂದರ ಸಾರಾಂಶದ ಹಾಳೆ ಹುಡುಕಿ ಮುಂದಿಟ್ಟರು. ಮೊಣಕಾಲು ನೋವಿನ ವೃದ್ಧರಿಗೆ ಈ ಮಾತ್ರೆ ಸುರಕ್ಷಿತ, ಭರವಸೆದಾಯಕ ಎಂದು ಅದರಲ್ಲಿ ಅಚ್ಚಾಗಿತ್ತು. ಇದನ್ನು ನಂಬಿಯೇ ಬರೆದದ್ದು ಎಂದರು.

"ಪೂರ್ತಿ ಲೇಖನ ಓದಿದ್ದೀರಾ?"

"ದಿನಕ್ಕೆ ಎಂಬತ್ತು ರೋಗಿಗಳಮ್ಮಾ. ಓದಲಿಕ್ಕೆ ಪುರುಸೊತ್ತು ಎಲ್ಲುಂಟು?"

ಅವಳು ಚೀಲದಿಂದ ಲೇಖನದ ನಾಲ್ಕನೆಯ ಪುಟವೊಂದನ್ನೇ ತೆಗೆದು ಅವರ ಕೈಗಿತ್ತಳು. ಹಾಳೆಯತ್ತ ನೋಡದೆಯೇ ಒಂದೊಂದಾಗಿ ಹೇಳುತ್ತ ಹೋದಳು. ಪ್ರಯೋಗದಲ್ಲಿ ಮಾತ್ರೆ ನುಂಗಿದವರಿಗೂ ಔಷಧವೇ ಇಲ್ಲದ ಹುಸಿ ಗುಳಿಗೆ ನುಂಗಿದವರಿಗೂ ನೋವಿನಲ್ಲಿ ಏನೂ ವ್ಯತ್ಯಾಸ ಕಂಡಿರಲಿಲ್ಲ. ನಿದ್ದೆ ಮಾತ್ರ ತುಸು ಸುಧಾರಿಸಿತ್ತು. ಭರವಸೆದಾಯಕ ಎಂದದ್ದು ಅದನ್ನೇ. ತಲೆ ಸುತ್ತಿ ಬಿದ್ದವರ ಲೆಕ್ಕ ಅಡಿಯ ಕೋಷ್ಟಕದಲ್ಲಿ, ಸಣ್ಣ ಅಕ್ಷರದಲ್ಲಿತ್ತು. ಹುಸಿ ಗುಳಿಗೆಯವರು ಇಬ್ಬರು, ಮಾತ್ರೆಯವರು ಹನ್ನೆರಡು ಮಂದಿ. ಸಾರಾಂಶದಲ್ಲಿ ಅವರ ಸುದ್ದಿಯೇ ಇಲ್ಲ.

ಡಾಕ್ಟರು ಎರಡು ಸಲ ಓದಿದರು. ಅವರ ಕಿವಿ ಕೆಂಪಾಯಿತು.

"ಗೊತ್ತಿದ್ದೇ ಮುಚ್ಚಿಟ್ಟಿದ್ದಾರೆ. ಇದು ಕೈತಪ್ಪಲ್ಲ."

"ಅಲ್ಲ, ಬೇಕೆಂದೇ ಮಾಡಿದ್ದು," ಎಂದಳು ದೀಕ್ಷಿತಾ. "ಇದ್ದದ್ದನ್ನು ಇದ್ದ ಹಾಗೆ ಬರೆದರೆ ದೊಡ್ಡ ವೈದ್ಯಕೀಯ ಪತ್ರಿಕೆಯವರು ಹಾಕುವುದಿಲ್ಲ ಅಂತ."

ಡಾಕ್ಟರು ನರ್ಸ್ ಲವಿಟಾಳನ್ನು ಕರೆದು, ಈ ಮಾತ್ರೆ ತೆಗೆದುಕೊಳ್ಳುತ್ತಿರುವ ಎಲ್ಲರಿಗೂ ಈಗಲೇ ಫೋನ್ ಮಾಡಿ ನಿಲ್ಲಿಸಲು ಹೇಳೆಂದರು. ಆಮೇಲೆ ಲೆಟರ್‌ಹೆಡ್ ಎಳೆದುಕೊಂಡರು. ಆ ಪತ್ರಿಕೆಗೆ, ಮೆಡಿಕಲ್ ಕೌನ್ಸಿಲ್ಲಿಗೆ, ಎಲ್ಲರಿಗೂ ದೂರು ಕೊಡುತ್ತೇನೆ, ಇಂಥವರನ್ನು ಸುಮ್ಮನೆ ಬಿಡಬಾರದು ಎಂದರು.

"ಈ ಸಾರಾಂಶ ಬರೆದವನ ಹೆಸರು ಗೊತ್ತುಂಟಾ ನಿಮಗೆ?"

ಅದನ್ನು ಹೇಳಲಿಕ್ಕೇ ಬಂದದ್ದು ಎಂದಳು ಅವಳು. ಡಾಕ್ಟರು ಪೆನ್ನು ಹಿಡಿದು ಕಾದರು.

"ಬರೆದವನಲ್ಲ ಡಾಕ್ಟ್ರೇ, ಬರೆದವಳು. ದೀಕ್ಷಿತಾ. ಭುಜಂಗರ ಮಗಳು."